ಹಳೆಯ ಲಾರಿಯ ಎಂಜಿನ್ ಸೆನ್ಸರ್ ದೋಷಗಳು: ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಯಾವುದಾದರೊಂದು ಸೆನ್ಸರಿನ ಹೆಸರು ಕಾಣಿಸಿದ ಕೂಡಲೇ ಅದನ್ನು ಬಿಚ್ಚಿ ಹೊಸದನ್ನು ಹಾಕುವುದು ಗ್ಯಾರೇಜುಗಳಲ್ಲಿ ರೂಢಿಯಾಗಿದೆ. ಹೊಸದು ಹಾಕಿದ ಮೇಲೂ ಅದೇ ಕೋಡ್ ಮರಳಿ ಬಂದರೆ ‘ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ’ ಎಂಬ ತೀರ್ಪು ಹೊರಬೀಳುತ್ತದೆ, ಖರ್ಚು ಸಾವಿರಗಳಿಂದ ಲಕ್ಷದ ಕಡೆಗೆ ಹೋಗುತ್ತದೆ. ಹತ್ತು ವರ್ಷ ದಾಟಿದ ಲಾರಿಯಲ್ಲಿ ಮೊದಲು ಸೋಲುವುದು ವೈರಿಂಗ್, ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಮತ್ತು ಅರ್ತ್ (ಬ್ಯಾಟರಿಯ ನೆಗೆಟಿವ್ ಕಡೆಗೆ ಮರಳುವ ದಾರಿ) ಸಂಪರ್ಕಗಳು. ಸೆನ್ಸರಿನ ಸರದಿ ಸಾಮಾನ್ಯವಾಗಿ ಆಮೇಲೆ ಬರುತ್ತದೆ. ಕೋಡ್ ಬೆರಳು ತೋರಿಸುವುದು ಒಂದು ಸರ್ಕ್ಯೂಟಿನ ಕಡೆಗೆ, ಒಂದು ಬಿಡಿಭಾಗದ ಕಡೆಗಲ್ಲ ಎಂಬುದನ್ನು ಒಪ್ಪಿಕೊಂಡು ಕೆಲಸಕ್ಕಿಳಿದರೆ ಅರ್ಧ ದಾರಿ ಸವೆದಂತೆಯೇ.

ಈ ಬರಹ 24 ವೋಲ್ಟ್ ವ್ಯವಸ್ಥೆಯ, ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒತ್ತಡದ ಡೀಸೆಲ್ ಹಂಚುವ ಒಂದೇ ಕೊಳವೆ, ಅಂದರೆ ರೈಲ್) ಡೀಸೆಲ್ ಎಂಜಿನ್ ಇರುವ ಬಿಎಸ್-3 ಮತ್ತು ಬಿಎಸ್-4 (ಹೊಗೆ ಮಾಲಿನ್ಯದ ಮಿತಿಯ ಹಂತಗಳು) ಲಾರಿಗಳನ್ನು ಕುರಿತದ್ದು. ಬಿಎಸ್-3 ವಾಹನಗಳ ಮಾರಾಟ 2017ರ ಏಪ್ರಿಲ್ 1ರಿಂದ ನಿಂತಿತು; ಬಿಎಸ್-4ರ ಸ್ಥಾನಕ್ಕೆ 2020ರ ಏಪ್ರಿಲ್ 1ರಂದು ಬಿಎಸ್-6 ಬಂದಿತು. ಹಾಗಾಗಿ ಇಲ್ಲಿ ಹೇಳುವ ಗಾಡಿಗಳೆಲ್ಲ ಈಗ ವಾರಂಟಿಯ ಅವಧಿ ಮುಗಿದು, ಹೊರಗಿನ ಮೆಕ್ಯಾನಿಕ್‌ಗಳ ಕೈಗೆ ಬಂದಿರುವಂಥವು. ಅದೇ ಕಾಲದ ಕೆಲವು ಲಾರಿಗಳಲ್ಲಿ ಹಳೆಯ ಮಾದರಿಯ ಇನ್‌ಲೈನ್ ಪಂಪ್ ಇದ್ದು ಸೆನ್ಸರುಗಳ ಸಂಖ್ಯೆ ಕಡಿಮೆ ಇರುತ್ತದೆ. ಅವುಗಳಿಗೂ ವಿದ್ಯುತ್ ಪರೀಕ್ಷೆಯ ಭಾಗ ಅನ್ವಯಿಸುತ್ತದೆ.

ಇಸಿಯುವಿಗೆ ತಿಳಿಯುವುದು ವೋಲ್ಟ್ ಮಾತ್ರ

ನೀರಿನ ಬಿಸಿಯಾಗಲಿ ರೈಲಿನ ಒತ್ತಡವಾಗಲಿ ಇಸಿಯುವಿಗೆ ನೇರವಾಗಿ ಗೊತ್ತಾಗುವುದಿಲ್ಲ. ಅದಕ್ಕೆ ತಲುಪುವುದು ಒಂದು ವೈರಿನ ಮೇಲಿನ ವೋಲ್ಟೇಜ್. ಒತ್ತಡ ಅಳೆಯುವ ಸೆನ್ಸರುಗಳಿಗೆ ಸಾಮಾನ್ಯವಾಗಿ ಮೂರು ವೈರುಗಳಿರುತ್ತವೆ: ಇಸಿಯು ಕಳುಹಿಸುವ 5 ವೋಲ್ಟ್ ಸಪ್ಲೈ, ಸೆನ್ಸರಿನ ಅರ್ತ್, ಮತ್ತು ಸಿಗ್ನಲ್. ಸಿಗ್ನಲ್ ಆರೋಗ್ಯವಾಗಿದ್ದಾಗ ಸರಿಸುಮಾರು 0.5 ಮತ್ತು 4.5 ವೋಲ್ಟ್‌ಗಳ ನಡುವೆಯೇ ಓಡಾಡುತ್ತದೆ. ಅದು 0.2ಕ್ಕೆ ಇಳಿದರೆ ಅಥವಾ 4.8 ದಾಟಿದರೆ ಅದು ಅಳತೆಯಲ್ಲ, ವೈರ್ ಕಡಿದಿರಬೇಕು ಅಥವಾ ಶಾರ್ಟ್ ಆಗಿರಬೇಕು ಎಂದು ಇಸಿಯು ತಿಳಿಯುತ್ತದೆ. ಬಿಸಿ ಅಳೆಯುವ ಸೆನ್ಸರುಗಳಿಗೆ ಎರಡೇ ವೈರು. ಒಳಗಿನ ರೆಸಿಸ್ಟೆನ್ಸ್ ಬಿಸಿಯೇರಿದಂತೆ ಇಳಿಯುತ್ತದೆ. ಎಂಜಿನ್ ತಿರುಗುವ ವೇಗ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಹೆಚ್ಚಿನ ಗಾಡಿಗಳಲ್ಲಿ ಸುರುಳಿ ಮತ್ತು ಅಯಸ್ಕಾಂತ ಇರುವ ಇಂಡಕ್ಟಿವ್ ಮಾದರಿಯದು, ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿನ ಸ್ಥಾನ ತಿಳಿಸುವ ಕ್ಯಾಮ್ ಸೆನ್ಸರ್ ಸಾಮಾನ್ಯವಾಗಿ ಹಾಲ್ (ಅಯಸ್ಕಾಂತ ಕ್ಷೇತ್ರವನ್ನು ಗುರುತಿಸುವ ಚಿಪ್) ಮಾದರಿಯದು, ಅದಕ್ಕೆ ಸಪ್ಲೈ ಬೇಕು.

ಸಲಕರಣೆ ಮತ್ತು ಎಚ್ಚರಿಕೆ

ಒಂದು ನಂಬಿಕೆಯ ಡಿಜಿಟಲ್ ಮಲ್ಟಿಮೀಟರ್, 24 ವೋಲ್ಟ್ 21 ವಾಟ್ ಬಲ್ಬಿನಿಂದ ಮಾಡಿದ ಟೆಸ್ಟ್ ಲ್ಯಾಂಪ್, ಕಪ್ಲರಿನ ಹಿಂಬದಿಯಿಂದ ತೂರಿಸಬಹುದಾದ ತೆಳು ಪಿನ್ನುಗಳು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಆ ಮಾದರಿಯ ವೈರಿಂಗ್ ನಕ್ಷೆ, ಮತ್ತು 24 ವೋಲ್ಟ್ ವಾಹನಗಳಿಗೆಂದೇ ತಯಾರಾದ ಸ್ಕ್ಯಾನರ್ ಇರಬೇಕು. ಕಾರುಗಳಿಗೆಂದು ಸಿಗುವ ಅಗ್ಗದ ಬ್ಲೂಟೂತ್ ಅಡಾಪ್ಟರುಗಳಲ್ಲಿ ಹಲವು 12 ವೋಲ್ಟ್‌ಗೆ ಮಾತ್ರ ತಾಳುತ್ತವೆ. ಲಾರಿಗೆ ಚುಚ್ಚಿದರೆ ಅವು ಸುಟ್ಟುಹೋಗಬಹುದು.

ಎರಡು ಅಪಾಯಗಳನ್ನು ಲಘುವಾಗಿ ನೋಡಬಾರದು. ಎಂಜಿನ್ ಓಡುತ್ತಿರುವಾಗ ಹೈ-ಪ್ರೆಷರ್ ಪೈಪಿನ ನಟ್ ಸಡಿಲಿಸಬಾರದು, ಸೋರಿಕೆ ಇದೆಯೇ ಎಂದು ಕೈಯಿಂದ ಸವರಿ ನೋಡಲೂಬಾರದು. 1,000 ಬಾರ್ ಮೀರಿದ ಡೀಸೆಲ್ ಎಳೆ ಚರ್ಮವನ್ನು ತೂರಿ ಒಳಹೋಗುತ್ತದೆ, ಹಾಗಾದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ಇಂಜೆಕ್ಟರ್ ವೈರುಗಳಲ್ಲಿ ಬ್ಯಾಟರಿಗಿಂತ ಹೆಚ್ಚಿನ ವೋಲ್ಟೇಜ್ ಹರಿಯುವುದರಿಂದ ಎಂಜಿನ್ ಚಾಲೂ ಇರುವಾಗ ಅವುಗಳನ್ನು ಮುಟ್ಟಬಾರದು, ಅಲ್ಲಿ ಟೆಸ್ಟ್ ಲ್ಯಾಂಪ್ ಹಾಕಲೂಬಾರದು.

ಹಂತ 1: ದೂರನ್ನು ಕೇಳುವುದು, ಕೋಡ್ ಬರೆದುಕೊಳ್ಳುವುದು

ಸ್ಕ್ಯಾನರ್ ಹಾಕುವ ಮೊದಲು ಚಾಲಕರ ಬಾಯಿಂದ ವಿವರ ಪಡೆಯಬೇಕು. ಗಾಡಿ ತಣ್ಣಗಿರುವಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ನಿಲ್ಲುತ್ತದೆಯೇ, ಲೋಡಿನಲ್ಲಿ ಘಾಟ್ ಹತ್ತುವಾಗ ಮಾತ್ರ ಪಿಕಪ್ ಕಡಿಮೆಯಾಗುತ್ತದೆಯೇ, ಮಳೆಯಲ್ಲಿ ಅಥವಾ ಸರ್ವಿಸ್ ಸ್ಟೇಷನ್ನಿನಲ್ಲಿ ನೀರು ಹೊಡೆಸಿದ ಮೇಲೆ ತೊಂದರೆ ಶುರುವಾಯಿತೇ, ಇತ್ತೀಚೆಗೆ ಕ್ಲಚ್ ಕೆಲಸವೋ ಬಾಡಿಯ ವೆಲ್ಡಿಂಗೋ ಆಗಿದೆಯೇ ಎಂಬ ಪ್ರಶ್ನೆಗಳ ಉತ್ತರ ಒಂದು ಗಂಟೆಯ ಹುಡುಕಾಟವನ್ನು ಉಳಿಸಬಲ್ಲದು. ಕ್ಲಚ್ ಕೆಲಸದ ನಂತರ, ಸಾಮಾನ್ಯವಾಗಿ ಅಲ್ಲೇ ಫ್ಲೈವೀಲಿನ ಬಳಿ ಕೂರುವ ಕ್ರ್ಯಾಂಕ್ ಸೆನ್ಸರಿನ ಕೋಡ್ ಬಂದಿದ್ದರೆ ಎಲ್ಲಿಂದ ಶುರು ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಬಳಿಕ ಕೋಡ್‌ಗಳನ್ನೆಲ್ಲ, ಸಕ್ರಿಯವಾದವು ಯಾವುವು ಹಳೆಯವು ಯಾವುವು ಎಂಬುದರೊಂದಿಗೆ, ಬರೆದುಕೊಳ್ಳಬೇಕು. ಕೋಡ್ ಬಿದ್ದ ಕ್ಷಣದ ವೇಗ, ಬಿಸಿ, ಲೋಡ್ ಇತ್ಯಾದಿಗಳನ್ನು ಸ್ಕ್ಯಾನರ್ ತೋರಿಸಿದರೆ ಅದನ್ನೂ ಬರೆದಿಡಬೇಕು. ಬರೆದುಕೊಳ್ಳದೆ ಕೋಡ್ ಅಳಿಸುವುದು ಸಾಕ್ಷ್ಯವನ್ನು ಅಳಿಸಿದಂತೆ.

ಲಾರಿಗಳಲ್ಲಿ ಕಾರಿನಂತೆ ‘ಪಿ’ಯಿಂದ ಶುರುವಾಗುವ ಕೋಡ್ ಬರಬಹುದು, ಇಲ್ಲವೇ ಲಾರಿ-ಬಸ್ಸುಗಳಂಥ ಭಾರಿ ವಾಹನಗಳ ಜೆ 1939 ಸಂವಹನ ಪದ್ಧತಿಯ ಎಸ್‌ಪಿಎನ್ ಮತ್ತು ಎಫ್‌ಎಂಐ ಜೋಡಿ ಬರಬಹುದು. ಎಸ್‌ಪಿಎನ್ ಎಂದರೆ ಯಾವುದರಲ್ಲಿ ದೋಷ ಎಂಬುದು: 91 ಆಕ್ಸಿಲರೇಟರ್ ಪೆಡಲ್, 100 ಆಯಿಲ್ ಪ್ರೆಷರ್, 102 ಬೂಸ್ಟ್ (ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ) ಒತ್ತಡ, 110 ಕೂಲಂಟ್ (ಎಂಜಿನ್ ತಂಪಾಗಿಸುವ ನೀರಿನ) ಬಿಸಿ, 157 ರೈಲ್ ಒತ್ತಡ, 190 ಎಂಜಿನ್ ವೇಗ. ಎಫ್‌ಎಂಐ ಎಂದರೆ ಎಂಥ ದೋಷ ಎಂಬುದು. ನನ್ನ ಮಟ್ಟಿಗೆ ಇವೆರಡರಲ್ಲಿ ಹೆಚ್ಚು ಬೆಲೆಬಾಳುವುದು ಎಫ್‌ಎಂಐ, ಆದರೆ ಹೆಚ್ಚಿನವರು ಅದನ್ನು ಓದುವುದೇ ಇಲ್ಲ. 3 ಎಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಹೆಚ್ಚು, 4 ಎಂದರೆ ಕಡಿಮೆ, 5 ಎಂದರೆ ಕರೆಂಟ್ ಕಡಿಮೆ ಅಥವಾ ಸರ್ಕ್ಯೂಟ್ ಕಡಿದಿದೆ. ಇವು ಮೂರೂ ವಿದ್ಯುತ್ತಿನ ದೋಷಗಳು. 0 ಮತ್ತು 1 ಎಂದರೆ ಸರ್ಕ್ಯೂಟ್ ಸರಿಯಿದೆ, ಅಳತೆಯೇ ನಿಜವಾಗಿ ಮಿತಿ ಮೀರಿದೆ ಅಥವಾ ಕೆಳಗಿಳಿದಿದೆ. ಹಾಗಾಗಿ 110ರೊಂದಿಗೆ 0 ಬಂದಾಗ ರೇಡಿಯೇಟರಿನ ಕಡೆಗೆ ನೋಡಬೇಕು. 110ರೊಂದಿಗೆ 3 ಅಥವಾ 4 ಬಂದಾಗ ವೈರಿನ ಕಡೆಗೆ ನೋಡಬೇಕು. 2 ಎಂದರೆ ಸಿಗ್ನಲ್ ಜಿಗಿಯುತ್ತಿದೆ ಅಥವಾ ನಂಬುವಂತಿಲ್ಲ. ಸಡಿಲ ಕಪ್ಲರಿನ ನೆನಪು ಮೊದಲು ಬರಬೇಕು. ‘ಪಿ’ ಕೋಡ್‌ಗಳಲ್ಲೂ ಇದೇ ಭೇದವಿದೆ: ಪಿ 0117 ಎಂದರೆ ಕೂಲಂಟ್ ಸೆನ್ಸರ್ ವೋಲ್ಟೇಜ್ ಕಡಿಮೆ, ಪಿ 0118 ಎಂದರೆ ಹೆಚ್ಚು.

ಸ್ಕ್ಯಾನರ್ ಗಾಡಿಯೊಂದಿಗೆ ಸಂಪರ್ಕವನ್ನೇ ಸಾಧಿಸದಿದ್ದರೆ 16 ಪಿನ್ನಿನ ಸಾಕೆಟ್‌ನಲ್ಲಿ 16ನೇ ಪಿನ್ನಿಗೆ ಬ್ಯಾಟರಿ ವೋಲ್ಟೇಜ್, 4 ಮತ್ತು 5ನೇ ಪಿನ್ನುಗಳಿಗೆ ಅರ್ತ್ ಬರುತ್ತಿದೆಯೇ ನೋಡಬೇಕು. ಬಳಿಕ ಬ್ಯಾಟರಿ ಕಟ್-ಆಫ್ ಮಾಡಿ 6 ಮತ್ತು 14ನೇ ಪಿನ್ನುಗಳ ನಡುವೆ ರೆಸಿಸ್ಟೆನ್ಸ್ ಅಳೆಯಬೇಕು. 60 ಓಮ್ ಆಸುಪಾಸು ಬಂದರೆ ಕ್ಯಾನ್ ಲೈನ್ (ಗಾಡಿಯ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಜೋಡಿ ವೈರು) ಸರಿಯಿದೆ. 120 ಬಂದರೆ ಅದರ ಎರಡು ಕೊನೆಗಳಲ್ಲಿರುವ ರೆಸಿಸ್ಟರುಗಳ ಪೈಕಿ ಒಂದರ ಸಂಪರ್ಕ ತಪ್ಪಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರುಗಳು ಒಂದಕ್ಕೊಂದು ತಾಗಿವೆ.

ಹಂತ 2: ಬ್ಯಾಟರಿ ಮತ್ತು ಅರ್ತ್

ಹಲವು ಸೆನ್ಸರುಗಳ ಕೋಡ್ ಒಟ್ಟಿಗೆ ಬಿದ್ದಿದ್ದರೆ ಇಲ್ಲಿಂದಲೇ ಆರಂಭಿಸಬೇಕು. ಒಂದೇ ಕೋಡ್ ಇದ್ದರೂ ಈ ಹಂತವನ್ನು ಹಾರಿಸಬಾರದು. ಸಾಲಾಗಿ ಜೋಡಿಸಿದ ಎರಡು ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಪೂರ್ತಿ ಚಾರ್ಜ್ ಆದ ಪ್ರತಿಯೊಂದೂ 12.6 ವೋಲ್ಟ್ ತೋರಿಸಬೇಕು. ಒಂದರಲ್ಲಿ 12.7, ಇನ್ನೊಂದರಲ್ಲಿ 11.9 ಬಂದರೆ ಕ್ಯಾಬಿನ್ನಿನ ಟೇಪ್ ರೆಕಾರ್ಡರಿಗೋ ಮೊಬೈಲ್ ಚಾರ್ಜರಿಗೋ ಅಲಂಕಾರದ ದೀಪಗಳಿಗೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದಾರೆಯೇ ಎಂದು ಹುಡುಕಬೇಕು. ಹಾಗೆ ಎಳೆದಾಗ ಆ ಬ್ಯಾಟರಿ ಸದಾ ಸೊರಗಿರುತ್ತದೆ, ಜೊತೆಯದು ಮಿತಿ ಮೀರಿ ಚಾರ್ಜ್ ಆಗುತ್ತದೆ. ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿದು ಇಸಿಯು ಅರೆಕ್ಷಣ ಮಂಕಾಗುತ್ತದೆ, ಆಗ ಕ್ರ್ಯಾಂಕ್ ಸೆನ್ಸರಿನಿಂದ ಹಿಡಿದು ಪೆಡಲಿನವರೆಗೆ ಸಂಬಂಧವಿಲ್ಲದ ಕೋಡ್‌ಗಳು ಸಾಲುಗಟ್ಟುತ್ತವೆ. ಪರಿಹಾರ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕುವುದು.

ಸೆಲ್ಫ್ ಹೊಡೆಯುವಾಗ ಬ್ಯಾಟರಿಗಳ ಒಟ್ಟು ವೋಲ್ಟೇಜ್ 18ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ ಡೈನಮೋ 27ರಿಂದ 28.5 ವೋಲ್ಟ್ ಕೊಡಬೇಕು.

ಅರ್ತ್ ಪರೀಕ್ಷೆಯನ್ನು ಓಮ್‌ನಲ್ಲಿ ಮಾಡುವುದು ಸಾಲದು, ಏಕೆಂದರೆ ಒಂದೇ ಒಂದು ತಂತಿಯ ಎಳೆ ಉಳಿದಿದ್ದರೂ ಮೀಟರ್ ಸೊನ್ನೆ ತೋರಿಸುತ್ತದೆ. ಕೆಲಸ ನಡೆಯುತ್ತಿರುವಾಗ ವೋಲ್ಟೇಜ್ ಎಷ್ಟು ಕಳೆದುಹೋಗುತ್ತಿದೆ ಎಂದು ಅಳೆಯಬೇಕು. ಮೀಟರಿನ ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕೆಂಪು ಪ್ರೋಬನ್ನು ಎಂಜಿನ್ ಬ್ಲಾಕಿನ ತುಕ್ಕಿಲ್ಲದ ಜಾಗಕ್ಕೆ ಇಟ್ಟು ಸೆಲ್ಫ್ ಹೊಡೆದಾಗ 0.5 ವೋಲ್ಟ್‌ಗಿಂತ ಕಡಿಮೆ ಬರಬೇಕು. ಕೀ ಆನ್ ಇರುವಾಗ ಇಸಿಯುವಿನ ಅರ್ತ್ ಪಿನ್ನು ಮತ್ತು ಬ್ಯಾಟರಿ ನೆಗೆಟಿವ್ ನಡುವೆ 0.1 ವೋಲ್ಟ್‌ಗಿಂತ ಹೆಚ್ಚು ಇರಬಾರದು. ಹೆಚ್ಚಿದ್ದರೆ ಚಾಸಿಯ ಮೇಲಿನ ಅರ್ತ್ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು, ಲಗ್ ಹೊಸದಾಗಿ ಹಾಕಿ ಬಿಗಿಯಬೇಕು. ಗಾಡಿಗೆ ಹೊಸ ಬಣ್ಣ ಹೊಡೆಸಿದ ಮೇಲೆ ಅರ್ತ್ ಬೋಲ್ಟಿನ ಅಡಿಗೂ ಬಣ್ಣ ಸೇರಿರುವುದು ಅಪರೂಪವಲ್ಲ.

ಹಂತ 3: ತಣ್ಣನೆಯ ಎಂಜಿನ್, ಕೀ ಆನ್

ಇಡೀ ಪರೀಕ್ಷೆಯಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಮಾಹಿತಿ ಕೊಡುವುದು ಈ ಹಂತ. ಲಾರಿ ರಾತ್ರಿಯಿಡೀ ನಿಂತಿದ್ದು, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಕೀ ಮಾತ್ರ ಆನ್ ಮಾಡಿ ಸ್ಕ್ಯಾನರಿನಲ್ಲಿ ಲೈವ್ ಡೇಟಾ (ಸೆನ್ಸರುಗಳ ಆ ಕ್ಷಣದ ಅಳತೆ) ನೋಡಬೇಕು. ಈ ಸ್ಥಿತಿಯಲ್ಲಿ ಪ್ರತಿಯೊಂದು ಸೆನ್ಸರ್ ಏನು ಹೇಳಬೇಕೆಂಬುದು ನಮಗೆ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಸುಳ್ಳು ಹೇಳುವವರು ಕೂಡಲೇ ಸಿಕ್ಕಿಬೀಳುತ್ತಾರೆ.

ಕೂಲಂಟ್, ಒಳಗೆ ಎಳೆಯುವ ಗಾಳಿ ಮತ್ತು ಡೀಸೆಲ್, ಈ ಮೂರರ ಬಿಸಿಯೂ ಹೊರಗಿನ ಹವೆಯ ಬಿಸಿಗೆ ಸಮೀಪವಿದ್ದು, ಪರಸ್ಪರ ನಾಲ್ಕೈದು ಡಿಗ್ರಿಗಳಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಎರಡು 23, 24 ಡಿಗ್ರಿ ತೋರಿಸಿ ಮೂರನೆಯದು 41 ತೋರಿಸಿದರೆ ಕೋಡ್ ಬೀಳದಿದ್ದರೂ ಆ ಸೆನ್ಸರ್ ದಾರಿ ತಪ್ಪಿದೆ. ಒಂದು ಸೆನ್ಸರ್ ಮೈನಸ್ 40 ತೋರಿಸಿದರೆ ಸರ್ಕ್ಯೂಟ್ ಕಡಿದಿದೆ.

ಬೂಸ್ಟ್ ಸೆನ್ಸರ್ ಎಂಜಿನ್ ನಿಂತಿರುವಾಗ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಆದರೆ ಆ ಒತ್ತಡ ಎಲ್ಲ ಊರಿನಲ್ಲೂ ಒಂದೇ ಅಲ್ಲ. ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್ ಆಸುಪಾಸು ಬರುವ ಜಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಹತ್ತಿರ ಬರುತ್ತದೆ. ಬೆಂಗಳೂರಿನಲ್ಲಿ ನಿಂತ ಲಾರಿ 91 ತೋರಿಸಿದ್ದಕ್ಕೆ ಸೆನ್ಸರ್ ಬದಲಿಸುವುದು ವ್ಯರ್ಥ; ಅಲ್ಲಿ 101 ತೋರಿಸಿದರೇ ಅನುಮಾನಪಡಬೇಕು. ಇಸಿಯುವಿನೊಳಗೇ ವಾತಾವರಣದ ಒತ್ತಡ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಕೆಲವು ಸ್ಕ್ಯಾನರುಗಳು ವಾತಾವರಣದ ಒತ್ತಡವನ್ನು ಕಳೆದು ಬೂಸ್ಟ್ ಅನ್ನು ಸೊನ್ನೆಯಿಂದ ತೋರಿಸುತ್ತವೆ ಎಂಬುದನ್ನೂ ಗಮನದಲ್ಲಿಡಬೇಕು.

ರೈಲ್ ಒತ್ತಡ ಗಾಡಿ ಹೊತ್ತುಗಟ್ಟಲೆ ನಿಂತ ಮೇಲೆ ಸೊನ್ನೆಯ ಸಮೀಪ ಇರಬೇಕು. ಬೆಳಿಗ್ಗೆ ಕೀ ಆನ್ ಮಾಡಿದಾಗಲೇ 150 ಬಾರ್ ತೋರಿಸಿದರೆ ಸೆನ್ಸರ್ ಅಥವಾ ಅದರ ಅರ್ತ್ ಕೆಟ್ಟಿದೆ. ಆಕ್ಸಿಲರೇಟರ್ ಕಾಲಿಡದಿದ್ದಾಗ ಸೊನ್ನೆ ಶೇಕಡಾ, ಪೂರ್ತಿ ಒತ್ತಿದಾಗ ನೂರು ಶೇಕಡಾ ತೋರಿಸಿ, ನಡುವೆ ಎಲ್ಲೂ ಜಿಗಿಯಬಾರದು. ಎಂಜಿನ್ ವೇಗ ಸೊನ್ನೆ ಇದ್ದು, ಸೆಲ್ಫ್ ಹೊಡೆದಾಗ 150ರಿಂದ 250 ಆರ್‌ಪಿಎಂ ಬರಬೇಕು. ಎಂಜಿನ್ ತಿರುಗುವ ಸದ್ದು ಕೇಳುತ್ತಿದ್ದರೂ ಸ್ಕ್ಯಾನರಿನಲ್ಲಿ ಸೊನ್ನೆಯೇ ಉಳಿದರೆ ಕ್ರ್ಯಾಂಕ್ ಸಿಗ್ನಲ್ ಇಸಿಯುವಿಗೆ ತಲುಪುತ್ತಿಲ್ಲ.

ಹಂತ 4: ಕಪ್ಲರ್ ಮತ್ತು ವೈರು

ಅನುಮಾನದ ಸೆನ್ಸರ್ ಯಾವುದೆಂದು ಗೊತ್ತಾದ ಮೇಲೆ ಕೀ ಆಫ್ ಮಾಡಿ ಅದರ ಕಪ್ಲರ್ ಬಿಚ್ಚಬೇಕು. ಬ್ಯಾಟರಿ ದೀಪದ ಬೆಳಕಿನಲ್ಲಿ ಒಳಗೆ ನೋಡಬೇಕು: ಹಸಿರು ಅಥವಾ ಬಿಳಿ ಪುಡಿ, ಆಯಿಲ್, ನೀರಿನ ಹನಿ, ಹಿಂದಕ್ಕೆ ಸರಿದ ಪಿನ್ನು, ಹರಿದ ರಬ್ಬರ್ ಸೀಲ್. ಕರಾವಳಿಯಲ್ಲಿ ಓಡುವ ಗಾಡಿಗಳಲ್ಲಿ, ಅದರಲ್ಲೂ ಮೀನು ಸಾಗಿಸುವವುಗಳಲ್ಲಿ, ಉಪ್ಪುನೀರು ಚಾಸಿಯ ಮೇಲಿನ ವೈರಿಂಗಿಗೆ ಇಳಿದು ಪಿನ್ನುಗಳನ್ನು ತಿಂದುಹಾಕಿರುತ್ತದೆ. ಆಯಿಲ್ ವೈರಿನೊಳಗಿನ ಎಳೆಗಳ ಸಂದಿಯಲ್ಲೇ ಹರಿದು ದೂರದ ಕಪ್ಲರಿಗೂ ತಲುಪಬಲ್ಲದು, ಹಾಗಾಗಿ ಆಯಿಲ್ ಪ್ರೆಷರ್ ಸೆನ್ಸರ್ ಸೋರುತ್ತಿದ್ದರೆ ಇಸಿಯುವಿನ ಕಪ್ಲರನ್ನೂ ಬಿಚ್ಚಿ ನೋಡುವುದು ಒಳ್ಳೆಯದು.

ಹೆಣ್ಣು ಟರ್ಮಿನಲ್‌ಗಳ ಬಿಗಿ ಪರೀಕ್ಷಿಸಲು ಅದೇ ಅಳತೆಯ ಗಂಡು ಪಿನ್ನೊಂದನ್ನು ತೂರಿಸಿ ಎಳೆಯಬೇಕು. ತುಸು ತಡೆ ಕೈಗೆ ತಿಳಿಯಬೇಕು. ಮೀಟರಿನ ದಪ್ಪ ಪ್ರೋಬನ್ನು ಟರ್ಮಿನಲ್ಲಿನೊಳಗೆ ತುರುಕಿದರೆ ಅದರ ಬಾಯಿ ಅಗಲವಾಗಿ ಹೊಸ ದೋಷವನ್ನು ನಾವೇ ಹುಟ್ಟಿಸಿದಂತಾಗುತ್ತದೆ. ವೈರಿನ ಮೈಗೆ ಸೂಜಿ ಚುಚ್ಚಿ ಅಳೆಯುವ ಅಭ್ಯಾಸವೂ ಬೇಡ. ಆ ತೂತಿನಿಂದ ಒಂದು ಮಳೆಗಾಲದಲ್ಲಿ ತಾಮ್ರ ಕಪ್ಪಾಗುತ್ತದೆ.

ಈಗ ಕಪ್ಲರ್ ಬಿಚ್ಚಿಟ್ಟೇ ಕೀ ಆನ್ ಮಾಡಿ ವೈರಿಂಗ್ ಕಡೆಯ ಪಿನ್ನುಗಳನ್ನು ಅಳೆಯಬೇಕು. ಮೂರು ವೈರಿನ ಸೆನ್ಸರಿಗೆ ಸಪ್ಲೈ ಮತ್ತು ಅರ್ತ್ ನಡುವೆ 4.9ರಿಂದ 5.1 ವೋಲ್ಟ್ ಬರಬೇಕು. ಅಳೆಯುವಾಗ ಕಪ್ಪು ಪ್ರೋಬನ್ನು ಕಪ್ಲರಿನ ಅರ್ತ್ ಪಿನ್ನಿಗೇ ಇಡಬೇಕು, ಚಾಸಿಗೆ ಇಟ್ಟರೆ ಸೆನ್ಸರಿನ ಅರ್ತ್ ವೈರು ಕಡಿದಿದ್ದರೂ 5 ವೋಲ್ಟ್ ಕಾಣಿಸಿ ಮೋಸವಾಗುತ್ತದೆ. 5 ವೋಲ್ಟ್ ಲೈನಿನಲ್ಲಿ ಟೆಸ್ಟ್ ಲ್ಯಾಂಪ್ ಎಂದೂ ಬಳಸಬಾರದು. ಅದು ಎಳೆಯುವ ಕರೆಂಟ್ ಇಸಿಯುವಿಗೆ ಭಾರವಾಗುತ್ತದೆ. ಲ್ಯಾಂಪ್ ಇರುವುದು ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ಮೂಲಕ ಬರುವ 24 ವೋಲ್ಟ್ ಲೈನುಗಳನ್ನು ಭಾರ ಹಾಕಿ ಪರೀಕ್ಷಿಸಲು.

ಎರಡು ವೈರಿನ ಬಿಸಿ ಸೆನ್ಸರಿಗೆ ಇನ್ನೂ ಸುಲಭದ ದಾರಿ ಇದೆ. ಕಪ್ಲರ್ ಬಿಚ್ಚಿದಾಗ ಸ್ಕ್ಯಾನರ್ ಮೈನಸ್ 40ಕ್ಕೆ ಇಳಿಯಬೇಕು. ಆ ಕಪ್ಲರಿನ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಜೋಡಿಸಿದಾಗ ಗರಿಷ್ಠ ಬಿಸಿಗೆ ಏರಬೇಕು. ಎರಡೂ ಆದರೆ ವೈರು ಮತ್ತು ಇಸಿಯು ನಿರ್ದೋಷಿಗಳು, ಸೆನ್ಸರನ್ನು ನಿಶ್ಚಿಂತೆಯಿಂದ ಬದಲಿಸಬಹುದು. ಜೋಡಿಸಿದರೂ ಮೈನಸ್ 40 ಕದಲದಿದ್ದರೆ ವೈರ್ ಎಲ್ಲೋ ಕಡಿದಿದೆ, ಹೊಸ ಸೆನ್ಸರಿನಿಂದ ಏನೂ ಆಗದು.

5 ವೋಲ್ಟ್ ಲೈನ್ ಕುಸಿದಾಗ

ಬೂಸ್ಟ್, ರೈಲ್, ಪೆಡಲ್ ಮೂರರ ಕೋಡ್‌ಗಳೂ ಒಂದೇ ಬಾರಿಗೆ ಬಿದ್ದು, ಜೊತೆಗೆ ಸೆನ್ಸರ್ ಸಪ್ಲೈ ಕುರಿತ ಎಸ್‌ಪಿಎನ್ 3509, 3510 ಅಥವಾ ಪಿ 0641, ಪಿ 0651 ಕಾಣಿಸಿಕೊಂಡರೆ ಮೂರೂ ಸೆನ್ಸರುಗಳು ಒಟ್ಟಿಗೆ ಸತ್ತಿಲ್ಲ ಎಂದೇ ತಿಳಿಯಬೇಕು. ಇಸಿಯುವಿನ ಒಂದೇ 5 ವೋಲ್ಟ್ ಮೂಲ ಹಲವು ಸೆನ್ಸರುಗಳಿಗೆ ಕವಲೊಡೆದಿರುತ್ತದೆ. ಒಂದು ಕವಲಿನಲ್ಲಿ ಶಾರ್ಟ್ ಆದರೆ ಉಳಿದವೂ ಕುರುಡಾಗುತ್ತವೆ.

ಹುಡುಕುವ ಬಗೆ ಹೀಗೆ. ಸುಲಭವಾಗಿ ಕೈಗೆ ಸಿಗುವ ಒಂದು ಸೆನ್ಸರಿನ ಸಪ್ಲೈ ಪಿನ್ನಿಗೆ ಮೀಟರನ್ನು ಹಿಂಬದಿಯಿಂದ ಸಿಕ್ಕಿಸಿಟ್ಟು, ಕೀ ಆನ್ ಮಾಡಬೇಕು. ಅಲ್ಲಿ 5ರ ಬದಲು, ಮಾತಿಗೆ, 1.3 ವೋಲ್ಟ್ ಕಾಣಿಸುತ್ತಿದೆ ಎನ್ನೋಣ. ಈಗ ನಕ್ಷೆಯಲ್ಲಿ ಅದೇ ಲೈನಿಗೆ ಸೇರಿದ ಸೆನ್ಸರುಗಳ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಪ್ರತಿ ಸಲವೂ ಮೀಟರ್ ನೋಡಬೇಕು. ಯಾವುದನ್ನು ಬಿಚ್ಚಿದಾಗ ವೋಲ್ಟೇಜ್ 5ಕ್ಕೆ ಜಿಗಿಯುತ್ತದೆಯೋ ಶಾರ್ಟ್ ಆ ಸೆನ್ಸರಿನೊಳಗಿದೆ. ಕೆಲವು ಇಸಿಯುಗಳು ಕೀ ಆಫ್ ಮಾಡಿ ಆನ್ ಮಾಡಿದ ಮೇಲೆಯೇ ಸಪ್ಲೈ ಮರಳಿ ಕೊಡುವುದರಿಂದ ಪ್ರತಿ ಬಾರಿಯೂ ಕೀ ತಿರುಗಿಸುವುದು ಕ್ಷೇಮ. ಎಲ್ಲವನ್ನೂ ಬಿಚ್ಚಿದರೂ ವೋಲ್ಟೇಜ್ ಏಳದಿದ್ದರೆ ವೈರಿಂಗಿನಲ್ಲೇ ಶಾರ್ಟ್ ಇದೆ: ಎಂಜಿನ್ ಬ್ರಾಕೆಟ್ಟಿಗೆ ಉಜ್ಜುವ ಜಾಗ, ಟರ್ಬೊ ಬದಿಯ ಕರಗಿದ ಪೈಪು, ಕ್ಯಾಬಿನ್ ಎತ್ತುವಾಗ ಬಾಗುವ ಕಡೆ, ಇಲಿ ಕಡಿದ ಗುರುತು, ಇವನ್ನು ಮೊದಲು ನೋಡಬೇಕು. ಇಸಿಯುವಿನ ಕಪ್ಲರಿನಿಂದ ಆ ಸಪ್ಲೈ ವೈರನ್ನು ಪ್ರತ್ಯೇಕಿಸಿದ ಮೇಲೂ ಇಸಿಯು ಪಿನ್ನಿನಲ್ಲಿ 5 ವೋಲ್ಟ್ ಬಾರದಿದ್ದರೆ, ಇಸಿಯುವಿಗೆ ಸಪ್ಲೈ ಮತ್ತು ಅರ್ತ್ ಸರಿಯಾಗಿದೆಯೆಂದು ಖಾತ್ರಿಯಾಗಿದ್ದರೆ, ಆಗ ಮಾತ್ರ ಇಸಿಯುವಿನ ಮೇಲೆ ತಪ್ಪು ಹೊರಿಸಬಹುದು.

ಹಂತ 5: ಒಂದೊಂದು ಸೆನ್ಸರಿನ ಪರೀಕ್ಷೆ

ಕ್ರ್ಯಾಂಕ್ ಸೆನ್ಸರ್ ಇಂಡಕ್ಟಿವ್ ಮಾದರಿಯದಾದರೆ ಕಪ್ಲರ್ ಬಿಚ್ಚಿ ಸೆನ್ಸರಿನ ಎರಡು ಪಿನ್ನುಗಳ ನಡುವೆ ಅಳೆದಾಗ ಕೆಲವು ನೂರರಿಂದ ಸಾವಿರ ಚಿಲ್ಲರೆ ಓಮ್ ಬರಬೇಕು. ಪಿನ್ನಿಗೂ ಸೆನ್ಸರಿನ ಲೋಹದ ಮೈಗೂ ಸಂಪರ್ಕವೇ ಇರಬಾರದು. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಸೆಲ್ಫ್ ಹೊಡೆದಾಗ ಅರ್ಧ ವೋಲ್ಟ್‌ಗಿಂತ ಹೆಚ್ಚು ಹುಟ್ಟಬೇಕು. ತಣ್ಣಗಿರುವಾಗ ಎಲ್ಲ ಸರಿಯಿದ್ದು, ಬಿಸಿಯಲ್ಲಿ ಗಾಡಿ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಚಾಲೂ ಆಗುವ ದೂರಿದ್ದರೆ, ನಿಂತ ತಕ್ಷಣ, ಬಿಸಿ ಆರುವ ಮೊದಲೇ ಅಳೆಯಬೇಕು. ಸುರುಳಿಯೊಳಗಿನ ಕಡಿತ ಬಿಸಿಯಲ್ಲಿ ಮಾತ್ರ ಬಾಯಿಬಿಡುತ್ತದೆ. ಸೆನ್ಸರನ್ನು ಹೊರಗೆಳೆದಾಗ ತುದಿಯ ಅಯಸ್ಕಾಂತಕ್ಕೆ ಮೆತ್ತಿಕೊಂಡ ಕಬ್ಬಿಣದ ಪುಡಿ ಕಾಣಿಸಿದರೆ ಅದನ್ನು ಒರೆಸಿದರಷ್ಟೇ ಸಾಲದು, ಅದು ಬಂದಿರುವುದು ಹೆಚ್ಚಾಗಿ ಫ್ಲೈವೀಲಿನ ರಿಂಗ್ ಹಲ್ಲುಗಳಿಂದ. ತುದಿಗೂ ಹಲ್ಲಿಗೂ ನಡುವಿನ ಸಂದು ಸಾಮಾನ್ಯವಾಗಿ 1 ಮಿಲಿಮೀಟರ್ ಆಸುಪಾಸು. ಹಳೆಯ ವಾಷರ್ ಬಿಟ್ಟುಹೋದರೆ ಅಥವಾ ಎರಡು ಹಾಕಿದರೆ ಅದು ಕೆಡುತ್ತದೆ. ಕಡಿದ ವೈರು ಜೋಡಿಸುವಾಗ ಎರಡನ್ನೂ ಅದಲುಬದಲು ಮಾಡಿದರೆ ಸಿಗ್ನಲ್ ತಲೆಕೆಳಗಾಗಿ, ರೆಸಿಸ್ಟೆನ್ಸ್ ಸರಿಯಿದ್ದರೂ ಕ್ಯಾಮ್ ಮತ್ತು ಕ್ರ್ಯಾಂಕ್ ಹೊಂದಾಣಿಕೆ ತಪ್ಪುತ್ತದೆ.

ಕ್ಯಾಮ್ ಸೆನ್ಸರ್ ಹಾಲ್ ಮಾದರಿಯದಾಗಿದ್ದರೆ ಓಮ್ ಮೀಟರ್ ಹಚ್ಚಬಾರದು. ಕಪ್ಲರ್ ಜೋಡಿಸಿಯೇ, ಹಿಂಬದಿಯಿಂದ ಸಿಗ್ನಲ್ ಅಳೆಯುತ್ತ, ಎಂಜಿನ್ನನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದಾಗ ವೋಲ್ಟೇಜ್ ಸೊನ್ನೆಗೂ ಮೇಲಿನ ಮಟ್ಟಕ್ಕೂ ನಡುವೆ ಬದಲಾಗಬೇಕು.

ಕೂಲಂಟ್ ಸೆನ್ಸರಿಗೆ ಬಹಳ ಬಳಕೆಯಲ್ಲಿರುವ ಬಾಷ್ ಮಾದರಿಯ ಅಳತೆ ನೆನಪಿಡಲು ಸುಲಭ: 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 40ರಲ್ಲಿ 1,200ರ ಹತ್ತಿರ, 80ರಲ್ಲಿ 320, 100ರಲ್ಲಿ 190. ಬೇರೆ ತಯಾರಿಕೆಯದಾದರೆ ಅದರ ಪಟ್ಟಿ ನೋಡಬೇಕು. ಹಳೆಯ ಲಾರಿಗಳಲ್ಲಿ ಡ್ಯಾಶ್‌ಬೋರ್ಡಿನ ಮುಳ್ಳಿಗೆ ಒಂದು, ಇಸಿಯುವಿಗೆ ಇನ್ನೊಂದು ಸೆನ್ಸರ್ ಇರುವುದುಂಟು. ಮುಳ್ಳು ಸರಿಯಿದೆಯೆಂದು ಇಸಿಯು ಸೆನ್ಸರನ್ನು ಬಿಟ್ಟುಬಿಡಬಾರದು.

ರೈಲ್ ಒತ್ತಡದ ಸೆನ್ಸರಿನಲ್ಲಿ ಒಂದು ಲೆಕ್ಕ ಮಾಡಬಹುದು. 0ರಿಂದ 1,800 ಬಾರ್ ಅಳೆಯುವ ಸೆನ್ಸರ್ 0.5ರಿಂದ 4.5 ವೋಲ್ಟ್ ಕೊಡುತ್ತದೆಯೆಂದರೆ, ಐಡ್ಲಿಂಗಿನಲ್ಲಿ 350 ಬಾರ್ ಇದ್ದಾಗ 1.28 ವೋಲ್ಟ್ ಆಸುಪಾಸು ಬರಬೇಕು. ಮೀಟರಿನ ವೋಲ್ಟೂ ಸ್ಕ್ಯಾನರಿನ ಬಾರೂ ತಾಳೆಯಾದರೆ ವೈರು ಸರಿಯಿದೆ. ಬೇರೆ ಮಿತಿಯ ಸೆನ್ಸರ್ ಅದೇ ಚೂಡಿಗೆ (ತಿರುಪಿನ ಎಳೆಗೆ), ಅದೇ ಕಪ್ಲರಿಗೆ ಕೂರಬಹುದು, ಆದ್ದರಿಂದ ಪಾರ್ಟ್ ನಂಬರ್ ಹೊಂದದೆ ಹಾಕಬಾರದು. ರೈಲ್ ಒತ್ತಡ ಕಡಿಮೆ ಎಂಬ ಪಿ 0087 ಬಂದಾಗ ಸೆನ್ಸರ್ ಬಹುತೇಕ ನಿಜವನ್ನೇ ಹೇಳುತ್ತಿರುತ್ತದೆ: ಕಟ್ಟಿದ ಡೀಸೆಲ್ ಫಿಲ್ಟರ್, ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಗಾಳಿ, ಸವೆದ ಪಂಪ್, ರಿಟರ್ನ್ (ಟ್ಯಾಂಕಿಗೆ ಮರಳುವ ಡೀಸೆಲ್) ಹೆಚ್ಚಿರುವ ಇಂಜೆಕ್ಟರ್ ಇವುಗಳನ್ನು ನೋಡದೆ ಸೆನ್ಸರಿಗೆ ಕೈಹಾಕಬಾರದು.

ಬೂಸ್ಟ್ ಸೆನ್ಸರಿನ ವಿಷಯದಲ್ಲೂ ಇದೇ ಮಾತು. ಶಿರಾಡಿ ಘಾಟ್ ಹತ್ತುವಾಗ ಬೂಸ್ಟ್ ಸಾಲದೆ ಕಪ್ಪು ಹೊಗೆ ಬಂದರೆ ಟರ್ಬೊ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿನ ಹೋಸ್ ಜಾರಿದೆಯೇ, ಕ್ಲಿಪ್ ಸಡಿಲವೇ ಎಂದು ಮೊದಲು ನೋಡಬೇಕು. ಸೆನ್ಸರ್ ಬಿಚ್ಚಿದಾಗ ಅದರ ಬಾಯಿಗೆ ಆಯಿಲ್ ಮಸಿ ಗಟ್ಟಿಯಾಗಿ ಕೂತಿದ್ದರೆ ಸ್ಪ್ರೇಯಿಂದ ತೊಳೆಯಬಹುದು, ಆದರೆ ಕಡ್ಡಿ ಅಥವಾ ತಂತಿ ತೂರಿಸಿದರೆ ಒಳಗಿನ ತೆಳುಪೊರೆ ಹರಿಯುತ್ತದೆ.

ಆಕ್ಸಿಲರೇಟರ್ ಪೆಡಲಿನಲ್ಲಿ ಸಾಮಾನ್ಯವಾಗಿ ಎರಡು ಸಿಗ್ನಲ್‌ಗಳಿದ್ದು ಒಂದು ಇನ್ನೊಂದರ ಅರ್ಧ ಇರುತ್ತದೆ: ಕಾಲಿಡದಿದ್ದಾಗ 0.75 ಮತ್ತು 0.38, ಪೂರ್ತಿ ಒತ್ತಿದಾಗ 3.8 ಮತ್ತು 1.9 ವೋಲ್ಟ್ ಆಸುಪಾಸು. ಈ ಅನುಪಾತ ತಪ್ಪಿದ ಕ್ಷಣ ಇಸಿಯು ಪೆಡಲನ್ನು ನಂಬುವುದು ಬಿಟ್ಟು ಎಂಜಿನ್ನನ್ನು ನಿಗದಿತ ವೇಗಕ್ಕೆ ಕಟ್ಟಿಹಾಕುತ್ತದೆ. ಕೆಲವು ಎಂಜಿನ್‌ಗಳಲ್ಲಿ ಎರಡನೆಯ ಸಿಗ್ನಲಿನ ಬದಲು ಐಡಲ್ ಸ್ವಿಚ್ ಇರುತ್ತದೆ.

ಬಂದು ಹೋಗುವ ದೋಷ

ಗ್ಯಾರೇಜಿನಲ್ಲಿ ಕಾಣಿಸದೆ ರಸ್ತೆಯಲ್ಲಿ ಮಾತ್ರ ಬರುವ ದೋಷಕ್ಕೆ ಎಂಜಿನ್ ಐಡ್ಲಿಂಗಿನಲ್ಲಿಟ್ಟು, ಸ್ಕ್ಯಾನರಿನಲ್ಲಿ ಆ ಸೆನ್ಸರಿನ ಗ್ರಾಫ್ ತೆರೆದು, ವೈರಿಂಗನ್ನು ಇಸಿಯುವಿನಿಂದ ಸೆನ್ಸರಿನವರೆಗೆ ಗೇಣು ಗೇಣಾಗಿ ಅಲುಗಾಡಿಸುತ್ತ ಹೋಗಬೇಕು. ಗೆರೆ ಜಿಗಿದ ಜಾಗದಲ್ಲಿ ಕೈ ಇದ್ದಲ್ಲೇ ದೋಷವಿದೆ. ಗ್ರಾಫ್ ಇಲ್ಲದಿದ್ದರೆ ಮೀಟರಿನ ಗರಿಷ್ಠ-ಕನಿಷ್ಠ ದಾಖಲೆಯ ಸೌಲಭ್ಯ ಬಳಸಬಹುದು. ಮಳೆಗಾಲದ ದೂರಾಗಿದ್ದರೆ ಕಪ್ಲರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ ನೋಡಬಹುದು. ಇಸಿಯುವಿನ ಮೇಲೆ ಬೇಡ.

ಹಂತ 6: ದುರಸ್ತಿ ಮತ್ತು ಖಾತ್ರಿ

ವೈರ್ ಜೋಡಿಸುವಾಗ ಎಳೆಗಳನ್ನು ಹೊಸೆದು ಟೇಪ್ ಸುತ್ತುವುದು ದುರಸ್ತಿಯಲ್ಲ. ಅಳತೆಗೆ ತಕ್ಕ ಸ್ಲೀವ್ ಹಾಕಿ ಕ್ರಿಂಪ್ ಮಾಡಿ, ಒಳಮೈಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹೊದಿಸಿ, ಸುಕ್ಕುಗಟ್ಟಿದ ಪೈಪಿನೊಳಗೆ ಸೇರಿಸಿ, ಅಲುಗಾಡದಂತೆ ಕ್ಲಿಪ್ ಹಾಕಬೇಕು. ಒಂದಕ್ಕೊಂದು ಹೆಣೆದ ಜೋಡಿ ವೈರುಗಳನ್ನು ಮತ್ತೆ ಹೆಣೆದೇ ಇಡಬೇಕು, ಕ್ರ್ಯಾಂಕ್ ಸೆನ್ಸರಿನ ಲೋಹದ ಜಾಲರಿ ಹೊದಿಕೆಯನ್ನು ಅರ್ಧಕ್ಕೆ ಬಿಡಬಾರದು. ಕಪ್ಲರನ್ನು ಪೆಟ್ರೋಲಿನಿಂದ ತೊಳೆಯದೆ ಕಾಂಟ್ಯಾಕ್ಟ್ ಕ್ಲೀನರ್ ಬಳಸಿ, ಒಣಗಿದ ಮೇಲೆ ಜೋಡಿಸಬೇಕು. ಚಾಸಿ ಅಥವಾ ಬಾಡಿಗೆ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ಮತ್ತು ಇಸಿಯು ಕಪ್ಲರ್ ಬಿಚ್ಚಿ, ವೆಲ್ಡಿಂಗಿನ ಅರ್ತನ್ನು ಕೆಲಸದ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ಮೂರನೇ ಹಂತದ ಓದುಗಳನ್ನು ಮತ್ತೊಮ್ಮೆ ಬರೆದು ಹಳೆಯವುಗಳೊಂದಿಗೆ ಹೋಲಿಸಬೇಕು. ಬಳಿಕ ದೋಷ ಬಿದ್ದ ಸ್ಥಿತಿಯಲ್ಲೇ ಗಾಡಿ ಓಡಿಸಬೇಕು: ಬಿಸಿಯಲ್ಲಿ ಬೀಳುತ್ತಿದ್ದ ಕೋಡ್ ಆದರೆ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ, ಏರಿನಲ್ಲಿ ಬೀಳುತ್ತಿದ್ದದ್ದಾದರೆ ಲೋಡಿನೊಂದಿಗೆ ಏರು ಹತ್ತಿಸಿ. ಖಾಲಿ ಗಾಡಿಯನ್ನು ಗ್ಯಾರೇಜಿನ ಮುಂದೆ ಒಂದು ಸುತ್ತು ಹಾಕಿಸಿ ಬಿಟ್ಟುಕೊಟ್ಟರೆ ಬೂಸ್ಟ್ ಮತ್ತು ರೈಲ್ ಒತ್ತಡದ ದೋಷಗಳು ಮರಳಿ ಕಾಣಿಸುವುದು ಮಾಲು ಹೇರಿದ ಮೇಲೆಯೇ. ಮರಳಿ ಬಂದು ಸ್ಕ್ಯಾನರ್ ಹಾಕಿದಾಗ ಸಕ್ರಿಯ ಕೋಡ್ ಮಾತ್ರವಲ್ಲ, ಖಾತ್ರಿಯಾಗದೆ ಬಾಕಿ ಉಳಿದ ಕೋಡ್‌ಗಳ ಪಟ್ಟಿಯೂ ಖಾಲಿ ಇರಬೇಕು.